ಅಕ್ಕನ ಸೇವಾ ಅವಧಿ

ನಮ್ಮಕ್ಕ ಅನ್ವಯಿಕ ಗಣಿತ ಸಂಘದ ಶಾಖೆಯಲ್ಲಿ ಚಹಾ ಕೊಡುವವಳು. ಸಂಘದವರು ವರ್ಷಕ್ಕೊಮ್ಮೆ ಮಕ್ಕಳಿಗೆ ಲೆಕ್ಕದ ಸ್ಪರ್ಧೆ ನಡೆಸುತ್ತಾರೆ, ಆಗಾಗ ಉಪನ್ಯಾಸ ಇಡುತ್ತಾರೆ, ಕೊನೆಗೆ ವಾರ್ಷಿಕ ಸಭೆ. ಎಲ್ಲದಕ್ಕೂ ಅಕ್ಕನದೇ ಕೆಟಲ್. ಭಾವ ಹೋದಮೇಲೆ ಅವಳ ಮನೆ ನಡೆದದ್ದು ಈ ಕೆಲಸದಿಂದಲೇ. ಎದುರು ನಿಂತವರ ಮನೆಮಂದಿಯನ್ನೆಲ್ಲ ವಿಚಾರಿಸದೆ ಅವಳು ಲೋಟ ಕೈಗೆ ಕೊಡುವುದಿಲ್ಲ.

ಈ ಸಲದ ಸಭೆಗೆ ಹಾಲಿನ ಕ್ಯಾನ್ ಇಳಿಸಲು ನಾನೂ ಹೋಗಿದ್ದೆ. ಕನ್ನಡಕದವನೊಬ್ಬ ಕಂಬದ ಮರೆಯಲ್ಲಿ ನಿಂತು ಒಮ್ಮೆ ಅಕ್ಕನನ್ನು, ಒಮ್ಮೆ ಗಡಿಯಾರವನ್ನು ನೋಡುತ್ತಿದ್ದ. ನನಗೆ ಆಗಲೇ ಅನುಮಾನ. ಅಷ್ಟರಲ್ಲಿ ಅವನು ಕಾರ್ಯದರ್ಶಿಯ ಹತ್ತಿರ ಬಾಗಿ, "ಇವರ ಸೇವಾ ಅವಧಿ ತುಂಬಾ ಜಾಸ್ತಿಯಾಯ್ತು ಸಾರ್, ಕಡಿಮೆ ಮಾಡ್ಲೇಬೇಕು," ಅಂದ.

ನನ್ನ ಪಿತ್ತ ನೆತ್ತಿಗೇರಿತು. "ಏನ್ರೀ, ನಮ್ಮಕ್ಕನ್ನ ಕೆಲಸದಿಂದ ಕಿತ್ತು ಮನೆಗೆ ಕಳಿಸೋ ಪ್ಲಾನಾ?"

"ಅಯ್ಯೋ," ಎಂದ ಕನ್ನಡಕದವನು, "ಒಬ್ಬರಿಗೆ ಚಹಾ ಕೊಡೋಕೆ ಹಿಡಿಯೋ ಹೊತ್ತಿಗೆ ನಾವು ಸೇವಾ ಅವಧಿ ಅಂತೀವಿ. ಸಾಲು ಬಾಗಿಲಾಚೆ ಹೋಗಿದೆ ನೋಡಿ. ನನ್ನ ಇವತ್ತಿನ ಉಪನ್ಯಾಸವೇ ಈ ಸರದಿ ಸಾಲಿನ ಲೆಕ್ಕದ ಮೇಲೆ."

"ಹಾಗಾದ್ರೆ ಅವಳ ಕೆಲಸ?"

"ಅದೆಲ್ಲಿಗೂ ಹೋಗಲ್ಲ. ಇನ್ನೊಂದು ಕೈ ಬೇಕಷ್ಟೇ," ಎನ್ನುತ್ತ ಕಾರ್ಯದರ್ಶಿ ನನ್ನ ಕೈಯನ್ನೇ ನೋಡಿದರು.

ಅಕ್ಕ ಕೆಟಲನ್ನು ತನ್ನತ್ತ ಎಳೆದುಕೊಂಡು ನನ್ನನ್ನು ಗುರಾಯಿಸಿದಳು. "ಓಹೋ! ಹಾಲು ಇಳಿಸ್ತೀನಿ ಅಂತ ಕರೀದೇ ಬಂದಿದ್ದು ಇದಕ್ಕಾ? ಲೋಟ ಬೇಕಾದ್ರೆ ತೊಳಿ. ಕೆಟಲ್ ಮುಟ್ಟಿದ್ರೆ ನೋಡು!"

ತೋಳು ಮಡಚಿಕೊಂಡು ಲೋಟ ತೊಳೆದೆ. ಕನ್ನಡಕದವನು ಈಗ ನನ್ನನ್ನು ನೋಡಿ ಗಡಿಯಾರ ನೋಡತೊಡಗಿದ್ದ.