ಹತ್ತೊಂಬತ್ತನೇ ಮಹಡಿಯ ಕಸ

ಬೆಂಗಳೂರಿನ ಆ ಹೋಟೆಲಿಗೆ ಇಪ್ಪತ್ತೆರಡು ಮಹಡಿ. ಕೋಣೆ ಶುಚಿ ಮಾಡಲು ನನ್ನ ಪಾಲಿಗೆ ಬಂದದ್ದು ಹತ್ತೊಂಬತ್ತನೆಯದು. ಅಲ್ಲಿಂದ ಕೆಳಗೆ ನೋಡಿದರೆ ಬಸ್ಸುಗಳು ಬೆಂಕಿಪೊಟ್ಟಣದಷ್ಟು. ನೋಡುವುದಕ್ಕೆ ಪುರುಸೊತ್ತಾದರೂ ಎಲ್ಲಿತ್ತು ಬಿಡಿ! ಬಂದವರು ಖಾಲಿ ಮಾಡಿ ಹೊರಟರೆಂದರೆ ಮುಕ್ಕಾಲು ಗಂಟೆಯೊಳಗೆ ಕೋಣೆ ಹೊಸದಾಗಬೇಕು, ಅಲ್ಲಿ ಯಾರೂ ಇರಲೇ ಇಲ್ಲ ಅನ್ನುವ ಹಾಗೆ.

ಸೇರಿದ ಮೊದಲ ವಾರವೇ ಬೈಸಿಕೊಂಡೆ. ಲಂಡನ್ನಿನ ಗಂಡ ಹೆಂಡತಿ, ಜೊತೆಗೊಂದು ಪುಟ್ಟ ಹುಡುಗಿ, ಐದು ದಿನ ಇದ್ದು ಹೊರಟರು. ಲಿಫ್ಟಿನ ಬಾಗಿಲು ಮುಚ್ಚುವವರೆಗೂ ಆ ಮಗು ನನಗೆ ಕೈಬೀಸಿತು. ನಾನು ಹಾಸಿಗೆ ಬಟ್ಟೆ ಬದಲಿಸಿದೆ, ಕನ್ನಡಿ ಒರೆಸಿದೆ, ಬಚ್ಚಲು ತೊಳೆದೆ. ಕಾರ್ಪೆಟ್ಟಿನ ಮೇಲೆ ಬಿಸ್ಕತ್ತಿನ ಪುಡಿ ಬಿದ್ದಿತ್ತು. ಅದನ್ನು ಮಾತ್ರ ಮುಟ್ಟದೆ, ಕಸ ಎಳೆಯುವ ಮೆಷಿನ್ನನ್ನು ಬಾಗಿಲಲ್ಲೇ ನಿಲ್ಲಿಸಿ ಪಕ್ಕದ ಕೋಣೆಗೆ ಹೋದೆ.

ಸೂಪರ್‌ವೈಸರ್ ಬಂದು ನೋಡಿದರು. "ಏನಮ್ಮಾ ಇದು?"

"ಒಂಚೂರು ಇರ್ಲಿ ಸಾ, ಅವ್ರು ಊರು ಸೇರ್ಕಳ್ಳಿ."

"ಲಂಡನ್ ಮುಟ್ಟೋವರೆಗೂ ಕಸ ಹೊಡೆಯಲ್ವಾ ನೀನು?"

ಕೆಲಸದವರೆಲ್ಲ ಬಿದ್ದು ಬಿದ್ದು ನಕ್ಕರು. ನನಗೆ ಮೈಯೆಲ್ಲ ಉರಿದುಹೋಯಿತು. ನಕ್ಕುಕೊಳ್ಳಲಿ! ನಮ್ಮ ಕಡೆ ಊರಿಗೆ ಹೊರಟವರ ಬೆನ್ನಿಗೇ ಯಾರೂ ಪೊರಕೆ ಹಿಡಿಯುವುದಿಲ್ಲ. ಹೆಣ ಎತ್ತಿದ ಮನೆಯಲ್ಲಿ ಮಾತ್ರ ಆ ಅವಸರ. ಆದರೆ ಕೆಲಸ ಉಳಿಯಬೇಕಲ್ಲ, ಆ ಮಗುವಿಗೆ ಏನೂ ಆಗದಿರಲಪ್ಪಾ ಮಾದಪ್ಪ ಅಂದುಕೊಂಡು ಮೆಷಿನ್ ಹಾಕಿದೆ.

ನನ್ನ ಮಗಳೂ ಆಗ ಅಷ್ಟೇ ಎತ್ತರವಿದ್ದಳು. ಗಂಡ ತೀರಿಕೊಂಡ ಮೇಲೆ, ಎರಡು ವರ್ಷದ ಅವಳನ್ನು ಕೌದಳ್ಳಿಯಲ್ಲಿ ನನ್ನ ತಾಯಿಯ ಮಡಿಲಿಗೆ ಹಾಕಿ ಬಂದವಳು ನಾನು. ತಿಂಗಳಿಗೆ ಎರಡು ದಿನ ರಜೆ. ಹೋದರೆ ಅವಳ ತಲೆ ಮೂಸುತ್ತಾ ಕೂರುತ್ತಿದ್ದೆ, ಹರಳೆಣ್ಣೆ ವಾಸನೆ. ಹೋಟೆಲಿನ ಬಿಳಿ ದಿಂಬುಗಳಲ್ಲಿ ಯಾವ ವಾಸನೆಯೂ ಇರುವುದಿಲ್ಲ.

ನನ್ನ ತಾಯಿಯನ್ನು ಅವಳು ಅವ್ವ ಅನ್ನುತ್ತಾಳೆ, ನನ್ನನ್ನು ಅಮ್ಮ. ಮುದ್ದೆ ತಿನ್ನಿಸಲು ಅವ್ವ ಬೇಕು, ಜಡೆ ಹಾಕಲು ಅವ್ವ ಬೇಕು. ಹೆತ್ತ ತಾಯಿಯ ಮೇಲೇ ನನಗೆ ಹೊಟ್ಟೆಕಿಚ್ಚು! ಇನ್ನು ನಾನು ಹೊರಡುವಾಗ ಮಗಳಿಗೆ "ಓಗ್ಬುಟ್ ಬತ್ತೀನಿ ಕಣವ್ವ" ಅಂದರೆ, ಅವಳು "ಊಂ" ಅಂದು ಆಟಕ್ಕೆ ತಿರುಗುತ್ತಿದ್ದಳು. ಒಂದೇ ಒಂದು ಸಲ ಅತ್ತು ರಂಪ ಮಾಡಬಾರದೇ, ಸೆರಗು ಹಿಡಿದು ಎಳೆಯಬಾರದೇ ಅಂತ ಬಸ್ಸಿನ ಕಿಟಕಿಗೆ ತಲೆ ಕೊಟ್ಟು ಅಳುತ್ತಿದ್ದೆ. ಮಗಳಿಗೆ ನಾನು ಬೇಕೋ ಬೇಡವೋ, ಅದೊಂದೇ ನನ್ನ ಸಂಕಟ.

ವಾಪಸು ಹೊರಟು ಕೊಳ್ಳೇಗಾಲಕ್ಕೆ ಬಂದು ಫೋನ್ ಮಾಡಿದರೆ ನನ್ನ ತಾಯಿ ಕೇಳುವ ಮಾತು ಒಂದೇ: "ಬಂದ್ಯಾ? ಗುಡಿಸ್ಲಾ?" ಅಲ್ಲಿಯವರೆಗೆ ಆ ಮನೆಯ ಕಸ ಅಲುಗುತ್ತಿರಲಿಲ್ಲ.

ಹೋದ ತಿಂಗಳು ಹಾಗೆ ಕೇಳಲಿಲ್ಲ. ನಾನೇ "ಗುಡಿಸ್ಕೊ ಅವ್ವ" ಅಂದೆ.

"ಗುಡ್ಸೋದೆಲ್ಲಿ ಬಂತು! ನಿನ್ ಮಗ್ಳು ಪೊರಕೆ ತಬ್ಕಂಡು ಕುಂತವ್ಳೆ. ನೀ ಓದಾಗೆಲ್ಲ ಇಂಗೇ ಕಣವ್ವ, ಸಂಜೆ ಗಂಟ ಕೊಡಾಕಿಲ್ಲ. ಗುಡಿಸ್ಬುಟ್ರೆ ಅಮ್ಮ ಓಗೇಬುಟ್ಟಂಗಾಯ್ತದಂತೆ. ನೀ ಅಲ್ಲಿ ಕೊರಗ್ತೀಯ ಅಂತ ನಾ ಏಳಿರ್ನಿಲ್ಲ."

ಬಸ್‌ಸ್ಟ್ಯಾಂಡಿನ ಗದ್ದಲದಲ್ಲಿ ಬ್ಯಾಗಿನ ಮೇಲೆ ಕುಳಿತುಬಿಟ್ಟೆ. "ಅವ್ಳ್ಗೆ ಕೊಡವ್ವ ಫೋನ" ಅಂದೆ.

ಮಗಳು ಫೋನ್ ಇಸಿದುಕೊಂಡಳು. "ಅಮ್ಮ, ಬಸ್ ಬಂತಾ?"

"ಬಂತು ಕಣವ್ವ."

"ಬಸ್ ಅತ್ಬ್ಯಾಡ."

ಆ ಒಂದು ಮಾತಿಗಾಗಿ ನಾಲ್ಕು ವರ್ಷ ಬಾಯಿಬಿಟ್ಟುಕೊಂಡು ಕಾದಿದ್ದೆ. ಕಂಡಕ್ಟರ್ "ಬೆಂಗ್ಳೂರು, ಬೆಂಗ್ಳೂರು" ಅಂತ ಬಾಗಿಲು ಬಡಿಯುತ್ತಿದ್ದ. ಮಾರನೆಯ ಬೆಳಗ್ಗೆ ಆರಕ್ಕೆ ನನ್ನ ಶಿಫ್ಟು. "ಇಲ್ಲ ಕಣವ್ವ, ಅತ್ತಾಕಿಲ್ಲ" ಎಂದು ಫೋನಿನಲ್ಲಿ ಹೇಳುತ್ತಲೇ ಬಸ್ಸು ಹತ್ತಿದೆ.