ಗುಣಪಾಲರು ಹೇಳದೆ ಬಿಟ್ಟ ಸಾರು

ಯೂನಿಯನ್ ಸಿಟಿಯ ಲೈಬ್ರರಿಯ ಹಿಂದಿನ ಕೋಣೆಯಲ್ಲಿ ಗುಣಪಾಲರು ಸ್ಲೈಡು ತೋರಿಸುವಾಗ ಮೊದಲು ಬರುತ್ತಿದ್ದುದು ಒಂದು ಏರು ರಸ್ತೆ. ರಸ್ತೆಯ ತುದಿಗೆ ಗೇಟು, ಗೇಟಿನ ಪಕ್ಕ ಸಾಲಾಗಿ ನಿಲ್ಲಿಸಿದ ಸೈಕಲ್ಲುಗಳು, ಅವುಗಳ ಹಿಂದೆ ಕಿತ್ತಳೆ ಬಣ್ಣದ ಹಣ್ಣು ತುಂಬಿದ ಮರ.

"ಇದು ಕಾಶಿಮಿನೆ ವಿಶ್ವವಿದ್ಯಾಲಯ," ಎನ್ನುತ್ತಿದ್ದರು. "ಭಾರೀ ದೊಡ್ಡದೂ ಅಲ್ಲ, ಸಣ್ಣದೂ ಅಲ್ಲ. ಆರು ಸಾವಿರ ಮಕ್ಕಳು. ಇಲ್ಲಿಯ ಹಾಗೆ ಪ್ರೊಫೆಸರನ್ನು ದುರ್ಬೀನು ಹಾಕಿ ನೋಡಬೇಕಾಗಿಲ್ಲ. ಹೆಸರು ಹಿಡಿದು ಕರೀತಾರೆ. ನನ್ನ ಹೆಸರು ಅವರ ನಾಲಗೆಗೆ ಬರ್ತಿರಲಿಲ್ಲ, ಗುನಪಾರ ಅಂತಿದ್ರು. ಆದ್ರೂ ಕರೀತಿದ್ರು ಮಾರಾಯ್ರೆ!"

ಕೂತವರು ನಗುತ್ತಿದ್ದರು. ಆಮೇಲೆ ಸಮುದ್ರದ ಪಕ್ಕದ ಪ್ರಯೋಗಾಲಯ, ಹಾಸ್ಟೆಲಿನ ಪುಟ್ಟ ಕೋಣೆ, ಮೊದಲ ವರ್ಷ ಭಾಷೆ ಕಲಿಸುವ ತರಗತಿ ಎಲ್ಲವೂ ಬರುತ್ತಿದ್ದವು. ಕ್ಯಾಂಟೀನಿನ ಸ್ಲೈಡು ಕೊನೆಯದು. ಅದು ಪರದೆಯ ಮೇಲೆ ಹೆಚ್ಚು ಹೊತ್ತು ನಿಲ್ಲುತ್ತಿರಲಿಲ್ಲ.

ಗುಣಪಾಲರು ವೇಣೂರಿನ ಕಡೆಯ ಜೈನರು. ಎಂಜಿನಿಯರಿಂಗ್ ಮುಗಿಸಿ ವಿದ್ಯಾರ್ಥಿವೇತನದ ಮೇಲೆ ಜಪಾನಿಗೆ ಹೋಗಿ, ಕಾಶಿಮಿನೆಯಲ್ಲಿ ನಾಲ್ಕು ವರ್ಷ ಓದಿ, ಅಲ್ಲಿಂದ ಫ್ರೀಮಾಂಟಿನ ಒಂದು ಕಂಪನಿಗೆ ಬಂದವರು. ವಿಶ್ವವಿದ್ಯಾಲಯ ಹೊರದೇಶದ ಮಕ್ಕಳನ್ನು ಹೆಚ್ಚು ಸೇರಿಸಿಕೊಳ್ಳತೊಡಗಿದಾಗ, ತಮ್ಮ ತಮ್ಮ ಊರಿನಲ್ಲಿ ನಾಲ್ಕು ಜನಕ್ಕೆ ಹೇಳಿ ಎಂದು ಹಳೆಯ ವಿದ್ಯಾರ್ಥಿಗಳನ್ನು ಕೇಳಿಕೊಂಡಿತು. ಗುಣಪಾಲರು ಒಪ್ಪಿದ್ದು ಋಣಕ್ಕಾಗಿ. "ಆ ಊರು ನನ್ನನ್ನು ಸಾಕಿತು ಅಕ್ಕ," ಎಂದು ನನ್ನೊಡನೆ ಹಲವು ಸಲ ಹೇಳಿದ್ದುಂಟು. ನಾವು ಒಂದೇ ಅಪಾರ್ಟ್‌ಮೆಂಟಿನಲ್ಲಿ ಮೇಲೆ ಕೆಳಗೆ ಇದ್ದವರು. ಅವರ ಹೆಂಡತಿ ಸೌದಾಮಿನಿ ಸಂಜೆ ದೀಪ ಹಚ್ಚಿದ ಮೇಲೆ ನಮ್ಮ ಮನೆಗೆ ಬಂದು ಕೂರುತ್ತಿದ್ದಳು.

ಎರಡು ಸಾವಿರದ ಇಸವಿಯ ವಸಂತದಲ್ಲಿ ಎಲ್ಲರ ಬಾಯಲ್ಲೂ ಸ್ಟಾಕಿನ ಮಾತೇ. ಏರುತ್ತಿದ್ದದ್ದು ಆಗಷ್ಟೇ ಬೀಳತೊಡಗಿತ್ತು. ಜಪಾನಿಗೆ ಮಕ್ಕಳನ್ನು ಕಳಿಸುವುದೆಂದರೆ ಜನ ನಗುತ್ತಿದ್ದ ಕಾಲ. ಆ ವಸಂತದ ಒಂದು ಸಭೆಗೆ ಬಂದ ಕೆಲವೇ ಮಂದಿಯಲ್ಲಿ ಹತ್ತಿರದ ಬೆರ್ರಿಯೆಸಾದ ಅಪ್ಪಾಸಾಹೇಬ, ಅವರ ಹೆಂಡತಿ ಶರಣವ್ವ, ಮಗಳು ಸ್ನೇಹಲ್ ಇದ್ದರು. ಹುಡುಗಿಗೆ ಸಮುದ್ರದ ಜೀವಿಗಳ ಬಗ್ಗೆ ಓದುವ ಹುಚ್ಚು. ಪ್ರಯೋಗಾಲಯದ ಸ್ಲೈಡು ಬಂದಾಗ ಅವಳು ಕುರ್ಚಿಯ ತುದಿಗೆ ಬಂದಿದ್ದಳು.

ಶರಣವ್ವ ವಿಜಾಪುರದ ಕಡೆಯವರು. ಫೀಸು, ವೀಸಾ ಎಲ್ಲವನ್ನೂ ಗಂಡ ಕೇಳಿ ಮುಗಿಸುವವರೆಗೆ ಸುಮ್ಮನಿದ್ದು, ಕೊನೆಗೆ ಒಂದೇ ಪ್ರಶ್ನೆ ಕೇಳಿದರು.

"ಅಣ್ಣಾರ, ಹುಡುಗಿ ಉಣ್ಣೂದು ಏನ್ರಿ ಅಲ್ಲೆ? ನಾವು ಲಿಂಗಾ ಕಟ್ಟಿದವರು. ತತ್ತಿ ಸೈತ ಮನ್ಯಾಗ ತರಾಂಗಿಲ್ಲ."

"ನೋಡ್ರಿ," ಎಂದರು ಅಪ್ಪಾಸಾಹೇಬ. "ಮಗಳು ಮೀನಿನ ಮ್ಯಾಲೇ ಓದಾಕ ಹೊಂಟಾಳ. ಇಕಿ ಮೀನಿನ ಗಾಳೀನೂ ಸೋಕಬಾರದು ಅಂತಾಳ."

"ನೀವು ಸುಮ್ನಿರ್ರಿ. ಉಳದದ್ದೆಲ್ಲಾ ನಿಮ್ದು, ಇದೊಂದು ನನ್ದು. ಊಟಾ ಸರಿ ಇದ್ರ ಕಳಸ್ತೀನಿ, ಇಲ್ಲಂದ್ರ ಇಲ್ಲೇ ಕಾಲೇಜಿಗೆ ಹೋಗ್ಲಿ."

ಸ್ನೇಹಲ್ ಗುಣಪಾಲರ ಮುಖವನ್ನೇ ನೋಡುತ್ತಿದ್ದಳು.

"ಎಂತ ಹೆದರಿಕೆಯೂ ಬೇಡ ಅಕ್ಕ," ಎಂದರು ಗುಣಪಾಲರು. "ನಾನು ಜೈನ. ನಾಲ್ಕು ವರ್ಷ ಆ ಕ್ಯಾಂಟೀನಿನಲ್ಲೇ ಉಂಡವ. ಮತ್ತೆಂತ ಬೇಕು?"

ಅದರಲ್ಲಿ ಒಂದು ಮಾತೂ ಸುಳ್ಳಲ್ಲ. ಶರಣವ್ವ ಕೈ ಮುಗಿದರು.

ಕಾಶಿಮಿನೆಯ ಕ್ಯಾಂಟೀನಿನಲ್ಲಿ ಅಡುಗೆಗೆ ಒಬ್ಬ ಅಜ್ಜಿ ಇದ್ದಳು. ಈ ಹುಡುಗ ಮಾಂಸ ಮುಟ್ಟುವುದಿಲ್ಲವೆಂದು ತಿಳಿದು, ಬಿಸಿ ಸಾರಿನಲ್ಲಿ ದಪ್ಪ ಶಾವಿಗೆ ಮತ್ತು ತೋಫು ಮಾತ್ರ ಹಾಕಿ ಬೇರೆ ಬಟ್ಟಲು ತೆಗೆದಿಡುತ್ತಿದ್ದಳು. ಹೊರಗೆ ಹಿಮ. ಗುಣಪಾಲರು ಬಟ್ಟಲನ್ನು ಎರಡು ಕೈಯಲ್ಲಿ ಹಿಡಿದು ಕುಡಿಯುತ್ತಿದ್ದರು. ಒಂದು ಬೆಳಿಗ್ಗೆ ಬೇಗ ಹೋದಾಗ ಅಡುಗೆಮನೆಯ ಬಾಗಿಲು ತೆರೆದಿತ್ತು. ಅಜ್ಜಿ ಕುದಿಯುವ ಹಂಡೆಗೆ ಏನನ್ನೋ ಮುಷ್ಟಿ ಮುಷ್ಟಿ ಹಾಕುತ್ತಿದ್ದಳು. ಬಡಗಿ ಮರ ನಯಮಾಡುವಾಗ ಸುರುಳಿ ಸುರುಳಿಯಾಗಿ ಉದುರುತ್ತದಲ್ಲ, ಹಾಗೆ ತೆಳ್ಳಗೆ. ಸಾರಿನಲ್ಲಿ ಗೊತ್ತಾಗದ ವಾಸನೆ ಹಂಡೆಯ ಬಳಿ ಗೊತ್ತಾಯಿತು. ಕರಾವಳಿಯವರಿಗೆ ಒಣಮೀನನ್ನು ಯಾರೂ ಪರಿಚಯ ಮಾಡಿಕೊಡಬೇಕಾಗಿಲ್ಲ.

ಆ ದಿನ ಅವರು ಉಣ್ಣಲಿಲ್ಲ. ಮರುದಿನ ಹೋದರು. ಇವತ್ತು ಅಜ್ಜಿಗೆ ಹೇಳುತ್ತೇನೆ ಎಂದುಕೊಂಡು ಹೋದರು. ಅಜ್ಜಿ ಬಟ್ಟಲು ಮುಂದಿಟ್ಟು ನಕ್ಕಳು. ಹೇಳಲಿಲ್ಲ. ಓದು ಮುಗಿಯುವವರೆಗೂ ಹೇಳಲಿಲ್ಲ.

ಸೌದಾಮಿನಿಗೆ ಆಗ ಇದು ತಿಳಿಯದು, ನನಗೂ ತಿಳಿಯದು. ಸೂರ್ಯ ಮುಳುಗುವ ಮೊದಲು ಊಟ ಮುಗಿಸುವ ಮನೆ ಅವಳದು. ಫ್ರೀವೇಯಲ್ಲಿ ಟ್ರಾಫಿಕ್ಕಿಗೆ ಸಿಕ್ಕಿ ತಡವಾದರೆ ನೀರು ಕುಡಿದು ಮಲಗುತ್ತಿದ್ದಳು. ಹಬ್ಬಕ್ಕೆ ಸೇರಿದ ಕಿರಿಯರಿಗೆ, "ಇವರು ನಾಲ್ಕು ವರ್ಷ ಜಪಾನಿನಲ್ಲಿದ್ದೂ ವ್ರತ ಬಿಡಲಿಲ್ಲ, ನಿಮಗೆ ಇಲ್ಲಿ ಪಿಜ್ಜಾ ಬಿಡಲು ಆಗುವುದಿಲ್ಲ" ಎಂದು ಗದರಿಸುತ್ತಿದ್ದಳು. ಗುಣಪಾಲರು ಆಗೆಲ್ಲ ಎದ್ದು ಹೋಗಿ ಚಪ್ಪಲಿಗಳನ್ನು ಸಾಲಾಗಿ ಜೋಡಿಸುತ್ತಿದ್ದುದನ್ನು ನಾನು ಕಂಡಿದ್ದೇನೆ. ವಿನಯ ಎಂದುಕೊಂಡಿದ್ದೆ.

ಸ್ನೇಹಲ್‌ಗೆ ಸೀಟು ಸಿಕ್ಕಿತು. ಸೆಪ್ಟೆಂಬರಿನಲ್ಲಿ ಹೊರಡುವುದು. ಬೇಸಿಗೆಯುದ್ದಕ್ಕೂ ಶರಣವ್ವ ಫೋನು ಮಾಡಿ, "ನಿಮ್ಮ ಮಾತಿನ ಮ್ಯಾಲ ಕಳಸಾಕತ್ತೀನ್ರಿ ಅಣ್ಣಾರ" ಎನ್ನುತ್ತಿದ್ದರು. ಪ್ರತಿ ಸಲವೂ ಗುಣಪಾಲರು ಹೇಳಿಬಿಡಬೇಕೆಂದು ಬಾಯಿ ತೆರೆಯುತ್ತಿದ್ದರಂತೆ. ಹೇಳಿದರೆ ಹುಡುಗಿಯ ಓದು ನಿಲ್ಲುತ್ತದೆ. ಹೇಳದಿದ್ದರೆ ಆ ತಾಯಿ ನಂಬಿ ಕಳಿಸಿದ ಮಗಳ ಮುಂದೆ ಅದೇ ಬಟ್ಟಲು ಬರುತ್ತದೆ. ಹುಡುಗಿಗಾಗಿ ಸುಮ್ಮನಿದ್ದೇನೆ ಎಂದು ತಮಗೆ ತಾವೇ ಹೇಳಿಕೊಳ್ಳುತ್ತಿದ್ದರು.

ಹೊರಡುವ ಮುಂಚಿನ ಭಾನುವಾರ ಶರಣವ್ವ ಗುಣಪಾಲ ದಂಪತಿಯನ್ನು ಮಧ್ಯಾಹ್ನದ ಊಟಕ್ಕೆ ಕರೆದರು. ಜೈನರ ದಶಲಕ್ಷಣ ಪರ್ವ ಆಗಷ್ಟೇ ಮುಗಿದಿತ್ತು. ಪರ್ವ ಮುಗಿದ ಮೇಲೆ ಕಂಡವರಿಗೆಲ್ಲ ಕೈ ಮುಗಿದು ಕ್ಷಮೆ ಕೇಳುವುದು ಅವರ ಪದ್ಧತಿ. "ಉತ್ತಮ ಕ್ಷಮಾ" ಎಂದರೆ ಎದುರಿನವರೂ "ಉತ್ತಮ ಕ್ಷಮಾ" ಎನ್ನಬೇಕು. ಅಲ್ಲಿಗೆ ಮುಗಿಯಿತು.

ಬಾಗಿಲಲ್ಲೇ ಗುಣಪಾಲರು ಕೈ ಮುಗಿದರು. "ಉತ್ತಮ ಕ್ಷಮಾ ಅಕ್ಕ. ತಿಳಿದೋ ತಿಳಿಯದೆಯೋ ತಪ್ಪಾಗಿದ್ದರೆ ಕ್ಷಮಿಸಬೇಕು."

ರೊಟ್ಟಿ ಬಡಿಯುತ್ತಿದ್ದ ಶರಣವ್ವ ಹಿಟ್ಟಿನ ಕೈಯಲ್ಲೇ ಬಂದರು. "ಅಯ್ಯ, ಯಾಕ್ರೀ? ಏನ್ ತಪ್ಪು ಮಾಡೀರಿ ನೀವು?"

ಸೌದಾಮಿನಿ ನಕ್ಕು ಪದ್ಧತಿಯನ್ನು ವಿವರಿಸಿದಳು.

"ಛಲೋ ಪದ್ಧತಿ ಬಿಡ್ರಿ. ಆದ್ರ ತಪ್ಪು ಏನಂತ ಹೇಳದ, ಕ್ಷಮಾ ಹ್ಯಾಂಗ ಕೊಡೂದ್ರೀ?"

"ಏ, ಮೊದಲ ಊಟಕ್ಕ ಹಾಕು," ಎಂದರು ಒಳಗಿನಿಂದ ಅಪ್ಪಾಸಾಹೇಬ. "ಕೋರ್ಟು ಆಮ್ಯಾಲ ನಡಸು."

ನಕ್ಕು ಒಳಗೆ ಹೋಗಬಹುದಿತ್ತು. ಜೈನರ ಮನೆಯಲ್ಲಿ ಹುಟ್ಟಿದಾಗಿನಿಂದ ಗುಣಪಾಲರನ್ನು ಯಾರೂ ಆ ಪ್ರಶ್ನೆ ಕೇಳಿರಲಿಲ್ಲ. ಅವರು ಹೊಸ್ತಿಲ ಆಚೆಯೇ ನಿಂತರು.

"ಊಟದ ವಿಷಯ ಅಕ್ಕ. ಆ ಕ್ಯಾಂಟೀನಿನ ಸಾರಿನಲ್ಲಿ ಒಣಮೀನು ಹಾಕ್ತಾರೆ. ತೋಫು, ತರಕಾರಿ ಏನೇ ಇರಲಿ, ಅದು ಬೆಂದದ್ದು ಆ ನೀರಲ್ಲಿ. ಅಡುಗೆಯ ಅಜ್ಜಿ ಹಾಕುವುದನ್ನು ನಾನೇ ನೋಡಿದ್ದೆ. ನನಗೆ ಗೊತ್ತಿತ್ತು."

ತವೆಯ ಮೇಲೆ ರೊಟ್ಟಿ ಸೀದ ವಾಸನೆ ಬಂತು. ಯಾರೂ ಹೋಗಲಿಲ್ಲ.

"ವೈ ನೌ, ಅಂಕಲ್?" ಸ್ನೇಹಲ್ ಕೋಣೆಯಿಂದ ಬಂದು ನಿಂತಿದ್ದಳು. "ನಾಡಿದ್ದು ಫ್ಲೈಟು!"

ಶರಣವ್ವ ಮಗಳ ಕಡೆ ನೋಡಲಿಲ್ಲ. "ನೀವು ಆ ಮುದುಕಿಗೆ ಕೇಳಿದ್ರ ಬ್ಯಾರೆ ಮಾಡಿ ಕೊಡ್ತಿದ್ದಿಲ್ಲೇನು?"

"ಕೊಡ್ತಿದ್ರು. ಸಮುದ್ರದ ಸೊಪ್ಪಿನ ಸಾರೂ ಉಂಟು ಅಲ್ಲಿ. ಅವರ ದೇವಸ್ಥಾನದವರು ಅದನ್ನೇ ಉಣ್ಣುವುದು."

"ಮತ್ತ ಕೇಳಲಿಲ್ಲ ಯಾಕ?"

"ಮೊದಲು ನಾಚಿಕೆ," ಎಂದರು ಗುಣಪಾಲರು. "ಆಮೇಲೆ ರುಚಿ ಹತ್ತಿತು."

ಸೌದಾಮಿನಿ ತಲೆಯ ಮೇಲಿನ ಸೆರಗನ್ನು ಸರಿಮಾಡಿಕೊಂಡಳು. ಅದು ಸರಿಯಾಗಿಯೇ ಇತ್ತು.

ಶರಣವ್ವ ಒಳಗೆ ಹೋಗಿ ಸೀದ ರೊಟ್ಟಿ ತೆಗೆದು, ಒಲೆ ಆರಿಸಿ, ಕೈ ತೊಳೆದುಕೊಂಡು, ದೇವರ ಮುಂದೆ ಒಂದು ಗಳಿಗೆ ನಿಂತು ಬಂದರು.

"ಕ್ಷಮಾ ಕೇಳಿದ್ರಿ, ಕೊಟ್ಟೀನಿ. ಬರ್ರಿ ಒಳಗ. ಆದ್ರ ಆ ಮುದುಕಿಗೆ ನೀವು ಕೇಳಲಾರದ ಮಾತು ಐತೆಲ್ಲ, ಅದನ್ನ ನನ್ನ ಮಗಳಿಗೆ ಕಲಿಸ್ರಿ. ಅವ್ರ ಭಾಷಾದಾಗ. ಅಕಿಗೆ ಬಂದ್ರ ಕಳಸ್ತೀನಿ."

ಊಟದ ತಟ್ಟೆಯ ಮುಂದೆ ಕೂತು ಗುಣಪಾಲರು, ಮೀನು ಹಾಕದ ಸಾರು ಕೊಡಿ ಎಂಬ ಮಾತನ್ನು ಜಪಾನಿಯಲ್ಲಿ ಹೇಳಿಕೊಟ್ಟರು. ಸ್ನೇಹಲ್ ಕಣ್ಣೊರೆಸಿಕೊಳ್ಳುತ್ತ ಹೇಳಿದಳು. ಇನ್ನೊಮ್ಮೆ ಹೇಳಿದಳು. ಗುಣಪಾಲರ ನಾಲಗೆ ಎರಡು ಕಡೆ ತಡವರಿಸಿತು, ಅವಳದು ತಡವರಿಸಲಿಲ್ಲ. ಅಪ್ಪಾಸಾಹೇಬರೂ ಒಂದು ಸಲ ಹೇಳಿ ನೋಡಿ ಎಲ್ಲರನ್ನೂ ನಗಿಸಿದರು. ಸೌದಾಮಿನಿ ಒಬ್ಬಳು ನಗಲಿಲ್ಲ.

ಮನೆಯ ಮುಂದೆ ಕಾರು ನಿಲ್ಲಿಸಿದ ಮೇಲೆ ಅವಳು ಗಂಡನನ್ನು ಕೇಳಿದಳಂತೆ: "ಪ್ರತಿ ವರ್ಷ ನನ್ನ ಹತ್ತಿರವೂ ಉತ್ತಮ ಕ್ಷಮಾ ಅಂತಿದ್ದಿರಲ್ಲ, ಅದು ಯಾತಕ್ಕೆ?" ಅವರು ಏನು ಹೇಳಿದರೆಂದು ಅವಳು ನನಗೆ ಹೇಳಲಿಲ್ಲ, ನಾನೂ ಕೇಳಲಿಲ್ಲ. ಕಿರಿಯರನ್ನು ಗದರಿಸುವಾಗ ಗಂಡನ ಹೆಸರು ತೆಗೆಯುವುದನ್ನು ಮಾತ್ರ ಅವಳು ಬಿಟ್ಟಳು.

ಮುಂದಿನ ವಸಂತದ ಸಭೆಯಲ್ಲಿ ಕ್ಯಾಂಟೀನಿನ ಸ್ಲೈಡು ಮೊದಲು ಬಂತು. ಗುಣಪಾಲರು ಸಾರಿನಲ್ಲಿ ಏನಿರುತ್ತದೆಂದು ಹೇಳಿದರು, ಹೇಗೆ ಕೇಳಬೇಕೆಂದೂ ಹೇಳಿದರು. ಒಂದು ಕುಟುಂಬ ಎದ್ದು ಹೋಯಿತು. ಸ್ನೇಹಲ್ ಅಲ್ಲಿ ಸೊಪ್ಪಿನ ಸಾರು ಕುಡಿಯುತ್ತ ಚೆನ್ನಾಗಿದ್ದಾಳೆಂದು ಶರಣವ್ವನವರ ಫೋನು ಬರುತ್ತಲೇ ಇತ್ತು.

ಆ ಸಂಜೆ ಪ್ರೊಜೆಕ್ಟರನ್ನು ನಮ್ಮ ಮನೆಯಲ್ಲಿಡಲು ಬಂದ ಗುಣಪಾಲರು ಮೆಟ್ಟಿಲ ಮೇಲೆಯೇ ಕೂತರು. ನಾನು ನೀರು ಕೊಟ್ಟೆ.

"ಹೇಳಿದ್ದಾಯಿತಲ್ಲ, ಇನ್ನು ಹಗುರಾಗಿ," ಎಂದೆ.

"ಹೇಳುವಾಗ ಎಂತಾಗ್ತದೆ ಗೊತ್ತುಂಟಾ ಅಕ್ಕ?" ಲೋಟವನ್ನು ಎರಡು ಕೈಯಲ್ಲಿ ಹಿಡಿದುಕೊಂಡಿದ್ದರು. "ಆ ಸ್ಲೈಡು ಬಂದ ಕೂಡಲೇ ಬಾಯಲ್ಲಿ ನೀರು ಬರ್ತದೆ. ಈಗಲೂ. ಅದಕ್ಕೆ ಯಾರ ಹತ್ತಿರ ಕ್ಷಮೆ ಕೇಳುವುದು?"