ಚಿಕ್ಕಮ್ಮನ ಎತ್ತರಕ್ಕೊಂದು ಟ್ರೈಪಾಡ್

ಕಳೆದ ಭಾನುವಾರ ಬೆಳಿಗ್ಗೆ ಏಳೂವರೆಗೆ ಕೊಂಬಿನ ಗೂಬೆಯೊಂದು ನನ್ನ ಕಣ್ಣೆದುರು ಡಾನ್ಸ್ ಮಾಡುತ್ತಿತ್ತು.

ಅದರ ಪಾಡಿಗೆ ಅದು ಬಂಡೆಯ ಮೇಲೆ ಕಣ್ಣು ಅರೆಮುಚ್ಚಿ ಕೂತಿತ್ತು ಪಾಪ. ಕುಣಿಯುತ್ತಿದ್ದದ್ದು ನನ್ನ ಟ್ರೈಪಾಡ್. ಅದರ ಮೇಲೆ ಸ್ಪಾಟಿಂಗ್ ಸ್ಕೋಪ್ ಇತ್ತು, ಅಂದರೆ ಒಂದೇ ಕಣ್ಣಲ್ಲಿ ನೋಡುವ ದೊಡ್ಡ ದುರ್ಬೀನು. ಹಕ್ಕಿಯನ್ನು ಅರವತ್ತು ಪಟ್ಟು ಹತ್ತಿರ ತೋರಿಸುತ್ತದೆ. (ನಡುಕವನ್ನೂ ಅರವತ್ತು ಪಟ್ಟು ತೋರಿಸುತ್ತದೆ. ಅದನ್ನು ಮಾತ್ರ ಡಬ್ಬದ ಮೇಲೆ ಬರೆದಿರುವುದಿಲ್ಲ.)

ಎಲ್ಲಿ ಅಂತ ಕೇಳಬೇಡಿ. ದಿಬ್ಬೂರಹಳ್ಳಿ ಕಡೆಯ ಒಂದು ಕಲ್ಲುಗುಡ್ಡ, ಅಷ್ಟೇ. ಹಕ್ಕಿಯ ವಿಳಾಸ ಹಂಚಬಾರದು ಎನ್ನುವುದು ಹಕ್ಕಿ ನೋಡುವ ನಮ್ಮ ಗುಂಪಿನ ನಿಯಮ. ಗೂಬೆ ನಿಮಗೂ ಪರಿಚಯವೇ. ಮೂರು ವಾರದ ಹಿಂದೆ ಇದೇ ಅಂಕಣದಲ್ಲಿ ಅದರ ಒಂಟಿತನದ ಬಗ್ಗೆ ಬರೆದಿದ್ದೆ. 'ಬಂಡೆಯ ಮೇಲಿನ ಸನ್ಯಾಸಿ' ಅಂತೆಲ್ಲ ಕೊರೆದಿದ್ದೆ. ಹಲವರು ಫೋನ್ ಮಾಡಿ ಕಣ್ಣು ತುಂಬಿ ಬಂತು ಅಂದಿರಿ. ಆ ವಿಷಯಕ್ಕೆ ಆಮೇಲೆ ಬರುತ್ತೇನೆ.

ಈ ಸಲ ನನ್ನ ಜೊತೆ ಚಿಕ್ಕಮ್ಮ ಬಂದಿದ್ದರು.

ಚಿಕ್ಕಮ್ಮ ಇರುವುದು ಶಿಡ್ಲಘಟ್ಟದಲ್ಲಿ, ಮಗಳ ಮನೆಯಲ್ಲಿ. ನಿವೃತ್ತಿಯಾಗುವವರೆಗೆ ರೇಷ್ಮೆ ಮೊಟ್ಟೆ ತಯಾರಿಸುವ ಬಿತ್ತನೆ ಕೋಠಿಯಲ್ಲಿ ಕೆಲಸ. ಮೊಟ್ಟೆಯಿಟ್ಟ ಚಿಟ್ಟೆಯನ್ನು ಅರೆದು, ಒಂದು ತೊಟ್ಟು ಗಾಜಿನ ಮೇಲೆ ಹಾಕಿ, ಮೈಕ್ರೋಸ್ಕೋಪಿನಲ್ಲಿ ನೋಡಬೇಕು. ಗಂಟುರೋಗದ ಒಂದು ಹೊಳೆಯುವ ಚುಕ್ಕೆ ಕಂಡರೂ ಆ ಚಿಟ್ಟೆಯ ಮೊಟ್ಟೆಗಳನ್ನೆಲ್ಲ ಸುಟ್ಟುಬಿಡಬೇಕು. ಕಣ್ತಪ್ಪಿದರೆ ಯಾರದೋ ಮನೆಯ ಹುಳುವೆಲ್ಲ ತಿಪ್ಪೆಗೆ. ಜೀವನಪೂರ್ತಿ ನೋಡುವುದೇ ಅವರ ನೌಕರಿ.

ಎರಡು ವರ್ಷದಿಂದ ಅವರ ಕೈ ನಡುಗುತ್ತದೆ. ಭಯಪಡುವಂಥದ್ದೇನಲ್ಲ, ಆದರೆ ಪೂರ್ತಿ ಹೋಗುವುದೂ ಇಲ್ಲ ಅಂದಿದ್ದಾರೆ ಡಾಕ್ಟರು. ಅಂದಿನಿಂದ ಚಿಕ್ಕಮ್ಮ ನಾಲ್ಕು ಜನರೆದುರು ಕಾಫಿ ಕುಡಿಯುವುದನ್ನೇ ಬಿಟ್ಟರು. "ಈಗಷ್ಟೇ ಆಯ್ತಮ್ಮ" ಅಂತ ಸುಳ್ಳು ಹೇಳುತ್ತಾರೆ. (ಕಾಫಿಗೆ ಪ್ರಾಣ ಬಿಡುವ ಹೆಂಗಸು!) ದೀಪಾವಳಿಗೆ ಹೋದಾಗ ಮಹಡಿಯ ಮೇಲೆ ನನ್ನ ಬೈನಾಕ್ಯುಲರ್ ಕೊಟ್ಟು, ತೆಂಗಿನ ಮರದ ಹದ್ದು ನೋಡಿ ಅಂದೆ. ಕಣ್ಣಿಗೆ ಹಿಡಿದರು. ಎರಡೇ ಸೆಕೆಂಡು. ವಾಪಸ್ ಕೊಟ್ಟು ಕೈ ಸೆರಗಿನೊಳಗೆ ಇಟ್ಟುಕೊಂಡರು.

"ಎಲ್ಲಾ ಓಡಾಡ್ತದೆ ಕಣೋ ಮಂಜು. ನೋಡೋ ಕೆಲ್ಸ ನಂಗೆ ಮುಗೀತಪ್ಪ."

ಗೂಬೆ ತೋರಿಸಿಯೇ ಸಿದ್ಧ ಅಂತ ಮಾತು ಕೊಟ್ಟುಬಿಟ್ಟೆ. ಟ್ರೈಪಾಡ್ ಪುರಾಣ ಶುರುವಾಗಿದ್ದು ಹೀಗೆ.

ಮೊದಲನೆಯದು ಆನ್‌ಲೈನಲ್ಲಿ ತರಿಸಿದ್ದು. ಮೊಬೈಲ್ ಇಟ್ಟು ನಾಮಕರಣದ ವಿಡಿಯೊ ಮಾಡಲು ಲಾಯಕ್ಕು. ಸ್ಕೋಪ್ ಏರಿಸಿದ ಕೂಡಲೇ ತಲೆ ತಗ್ಗಿಸಿತು. ಎರಡನೆಯದಕ್ಕೆ ಕಾಲಿನಲ್ಲಿ ಐದೈದು ಮಡಿಕೆ. ಮಡಚಿದರೆ ಬ್ಯಾಗಿನಲ್ಲಿ ಹಿಡಿಸುತ್ತದೆ ಅಂತ ಕುಣಿದಾಡಿದೆ. ಬಿಚ್ಚಿದಾಗ ನೋಡಿದರೆ ಕೊನೆಯ ಮಡಿಕೆ ಪೆನ್ಸಿಲ್ ಗಾತ್ರ! ಮೂರನೆಯದಕ್ಕೆ ಬೆಂಗಳೂರಿಗೇ ಹೋದೆ. ದಪ್ಪ ಕಾಲು, ಮೂರೇ ಮಡಿಕೆ, ನುಣ್ಣಗೆ ತಿರುಗುವ ತಲೆ. "ಹನ್ನೆರಡು ಕೆ.ಜಿ. ತಡೆಯುತ್ತೆ ಸರ್. ಆರಡಿ ಮೇಲೆ ಹೋಗುತ್ತೆ" ಅಂದ ಅಂಗಡಿಯವನು. ನನ್ನ ಎತ್ತರ ಐದು ಅಡಿ ಹನ್ನೊಂದು. ಇದೇ ನನಗೆ ಹೇಳಿ ಮಾಡಿಸಿದ್ದು ಅನ್ನಿಸಿತು.

"ಹನ್ನೆರಡು ಕೆ.ಜಿ. ಹೊರೋದಾದ್ರೆ ರಾಗಿ ಮಿಲ್ಲಿಗೂ ಕರ್ಕೊಂಡೋಗಿ" ಅಂದಳು ಹೆಂಡತಿ.

ಸರಿ, ಭಾನುವಾರಕ್ಕೆ ಬರೋಣ. ಗೂಬೆಗೆ ತೊಂದರೆಯಾಗದಷ್ಟು ದೂರದಲ್ಲಿ ಎದುರು ಬಂಡೆಯ ಮೇಲೆ ಟ್ರೈಪಾಡ್ ನಿಲ್ಲಿಸಿದೆ. ಕಾಲು ಪೂರ್ತಿ ಎಳೆದೆ. ನಡುವಿನ ಕಂಬವನ್ನೂ ಏರಿಸಿದೆ. ಗಾಳಿ ಬೀಸಿತು. ಡಾನ್ಸ್ ಶುರು. ಗಾಳಿ ನಿಲ್ಲುವವರೆಗೆ ಕಾದು, ಗೂಬೆಯನ್ನು ಸ್ಕೋಪಿನ ನಡುವಿಗೆ ತಂದು, ಚಿಕ್ಕಮ್ಮನನ್ನು ಕರೆದೆ.

ಚಿಕ್ಕಮ್ಮ ಐದಡಿಯೂ ಇಲ್ಲ. ತುದಿಗಾಲಲ್ಲಿ ನಿಂತರು. ಬೀಳದಿರಲಿ ಅಂತ ಟ್ರೈಪಾಡಿನ ಹಿಡಿ ಹಿಡಿದರು. ಅವರ ಕೈಯ ನಡುಕ ಹಿಡಿಗೆ, ಹಿಡಿಯಿಂದ ಸ್ಕೋಪಿಗೆ. ತಟ್ಟನೆ ಕೈ ಬಿಟ್ಟು ಹಿಂದೆ ಸರಿದರು.

"ಬೇಡ ಬಿಡಪ್ಪ. ನಾನು ಮುಟ್ಟಿದ್ರೆ ಇದಕ್ಕೂ ನಡುಕ ಅಂಟ್ಕೊಂತದೆ."

ನಾನು ಸುಮ್ಮನೆ ಅತ್ತಿತ್ತ ತಿರುಪು ಬಿಗಿಮಾಡುತ್ತಿದ್ದೆ. ಚಿಕ್ಕಮ್ಮ ಬಂಡೆಯ ಮೇಲೆ ಕೂತು ಅದನ್ನೇ ನೋಡುತ್ತಿದ್ದರು. ಸ್ವಲ್ಪ ಹೊತ್ತಾದ ಮೇಲೆ ಕೇಳಿದರು:

"ಅದನ್ನ್ಯಾಕೋ ಹಂಗೆ ಎತ್ತರಕ್ಕೆ ಎಳ್ದಿದ್ದೀಯ?"

"ನಿಂತು ನೋಡೋಕೆ ಚಿಕ್ಕಮ್ಮ."

"ನಿಂತೇ ಯಾಕೆ ನೋಡ್ಬೇಕು?"

ತಿರುಪು ಬಿಟ್ಟು ಅವರ ಕಡೆ ತಿರುಗಿದೆ.

"ನಮ್ ಕೋಠೀಲಿ ಮೊದ್ಲು ಮರದ ಮೇಜಿತ್ತು" ಅಂದರು. "ಯಾರಾದ್ರೂ ಪಕ್ಕದಾಗೆ ನಡೆದ್ರೆ ಸಾಕು, ಚುಕ್ಕೆ ಎಲ್ಲಾ ಅಳ್ಳಾಡೋದು. ಆಮೇಲೆ ಗೋಡೆಗೆ ಕಲ್ ಚಪ್ಪಡಿ ಹಾಕ್ಸಿದ್ರು. ಅದರ ಮುಂದೆ ನಮ್ ನಮ್ ಎತ್ತರಕ್ಕೆ ಸ್ಟೂಲು. ಮೈಕ್ರೋಸ್ಕೋಪು ಅಲ್ಲಾಡಂಗಿಲ್ಲ, ನಾವು ಬಗ್ಗಂಗಿಲ್ಲ. ಮೊದ್ಲು ಆ ಕಾಲೆಲ್ಲಾ ಒಳಗೆ ತಳ್ಳು."

ತಳ್ಳಿದೆ. ಸಣ್ಣ ಮಡಿಕೆಗಳೆಲ್ಲ ಒಳಗೆ ಹೋಗಿ ದಪ್ಪ ಕಾಲು ಮಾತ್ರ ಉಳಿಯಿತು. ನಡುವಿನ ಕಂಬ ಪೂರ್ತಿ ಕೆಳಗೆ. ಕಾಲುಗಳನ್ನು ಅಗಲಿಸಿದೆ. ಕೆಳಗಿನ ಕೊಕ್ಕೆಗೆ ನೀರಿನ ಬಾಟಲಿಗಳ ಚೀಲ ತೂಗುಹಾಕಲು ಹೇಳಿದರು. ತೂಗುಹಾಕಿದರೆ ಅದೂ ಉಯ್ಯಾಲೆಯಾಡಿತು. "ನೆಲ ಮುಟ್ಟಂಗೆ ಬಿಡೋ" ಅಂದರು. ಬಿಟ್ಟೆ. ನಿಂತಿತು. ಕೂರಲಿಕ್ಕೆ? ಕಾರಿನ ಡಿಕ್ಕಿಯಲ್ಲಿ ಒಂದು ಟೊಮೆಟೊ ಕ್ರೇಟ್ ಇತ್ತು. (ನಮ್ಮ ಜಿಲ್ಲೆಯಲ್ಲಿ ಯಾರ ಡಿಕ್ಕಿಯಲ್ಲಿಲ್ಲ?) ಮಗುಚಿ ಹಾಕಿ, ಮೇಲೆ ಟವೆಲ್ ಹಾಸಿದೆ. ಚಿಕ್ಕಮ್ಮನ ಕಣ್ಣು ಸ್ಕೋಪಿನ ಕಣ್ಣಿಗೆ ಸರಿಯಾಗಿ ಕೂತಿತು. ಎರಡೂ ಕೈ ಮಡಿಲಲ್ಲಿ.

"ಪವರ್ ಕಮ್ಮಿ ಮಾಡು. ಫೋಕಸ್ ತಿರುಗ್ಸು. ಇನ್ನಾ ಸ್ವಲ್ಪ. ಸಾಕು, ಹಿಂದಕ್ಕೆ. ಕೈ ತೆಗಿ."

ಕೈ ತೆಗೆದೆ. ಅವರ ಎರಡೂ ಕಣ್ಣು ತೆರೆದೇ ಇದ್ದವು. (ಸ್ಕೋಪ್ ನೋಡುವಾಗ ನಾನು ಇನ್ನೊಂದು ಕಣ್ಣನ್ನು ಹುಣಸೆಹಣ್ಣು ತಿಂದವನ ಹಾಗೆ ಹಿಂಡಿಕೊಳ್ಳುತ್ತೇನೆ.)

"ಕಾಣಿಸ್ತಾ ಇದೆಯಾ ಚಿಕ್ಕಮ್ಮ?"

"ಉಂಡ್ರಾ!" ಅಂದರು. (ತಾಳೋ ಅಂತ. ಗಮನ ಜಾಸ್ತಿಯಾದರೆ ಅವರ ಬಾಯಿಗೆ ತೆಲುಗು ಬರುತ್ತದೆ.)

ಕತ್ತು ಚೂರು ಮುಂದಕ್ಕೆ ಚಾಚಿದರು.

"ಮೂರು ಅವೆ ಕಣೋ."

"ಏನು ಮೂರು?"

"ಗೂಬೆ. ದೊಡ್ಡದರ ಕೆಳಗೆ ಕಲ್ಲು ಸೀಳಿದೆ ನೋಡು, ಅದರೊಳಗೆ ಎರಡು ಮರಿ. ಕಣ್ಣು ಹೊಳೀತಾ ಅವೆ. ಒಂದು ಆಕಳಿಸ್ತು."

ಕ್ರೇಟಿನ ಪಕ್ಕ ಮಂಡಿಯೂರಿ ನೋಡಿದೆ. ಇದ್ದವು! ಬೂದುಬಿಳಿ ಪುಕ್ಕದ ಎರಡು ಮುದ್ದೆ, ನಾಲ್ಕು ಕಿತ್ತಳೆ ಕಣ್ಣು. ಸನ್ಯಾಸಿಯಲ್ಲ ಸ್ವಾಮಿ, ಅದು ಎರಡು ಮಕ್ಕಳ ತಾಯಿ. ಒಂಟಿತನಕ್ಕೆ ಕಣ್ಣೀರು ಹಾಕಿದ ಓದುಗರೆಲ್ಲ ದಯವಿಟ್ಟು ವಾಪಸ್ ತೆಗೆದುಕೊಳ್ಳಿ.

ಒಂಬತ್ತೂವರೆಯವರೆಗೆ ಚಿಕ್ಕಮ್ಮ ಕ್ರೇಟ್ ಬಿಟ್ಟು ಏಳಲಿಲ್ಲ. ನನಗೆ ನೋಡಲು ಸರದಿ ಸಿಕ್ಕಿದ್ದು ಎರಡೇ ಸಲ. ಅವರ ಪಕ್ಕ ಬಂಡೆಯ ಮೇಲೆ ಕೂತು, ಅವರು ಹೇಳುವುದನ್ನೆಲ್ಲ ಕೇಳಿಸಿಕೊಂಡೆ. ಎಷ್ಟೋ ದಿನವಾದ ಮೇಲೆ ಅಷ್ಟು ಖುಷಿಯಾಗಿದ್ದೆ.

ವಾಪಸ್ ಬರುವಾಗ ಕ್ರಾಸಿನ ಹೋಟೆಲಿನಲ್ಲಿ ಇಡ್ಲಿ ತಿಂದೆವು. ಅಭ್ಯಾಸಬಲದಿಂದ ನನಗೊಂದೇ ಕಾಫಿ ಹೇಳಿದೆ.

"ಎರಡು ಹೇಳೋ" ಅಂದರು ಚಿಕ್ಕಮ್ಮ. "ನಂಗೆ ದೊಡ್ಡ ಲೋಟದಾಗೆ ಅರ್ಧ."

ಬಂತು. ಮೊಣಕೈ ಎರಡನ್ನೂ ಮೇಜಿನ ಮೇಲೆ ಊರಿ, ಹೋಟೆಲ್ ತುಂಬ ಜನರ ಎದುರಿಗೇ ಕುಡಿದರು. ನಾಲ್ಕು ಹನಿ ಚೆಲ್ಲಿತು. ಅದರ ಕಡೆ ಅವರು ನೋಡಲೂ ಇಲ್ಲ. ಆಕಳಿಸಿದ ಮರಿಯ ಬಾಯಿ ಎಷ್ಟಗಲ ಇತ್ತು ಅಂತ ಸಪ್ಲೈಯರ್‌ಗೆ ವಿವರಿಸುವುದರಲ್ಲಿದ್ದರು.

ಟ್ರೈಪಾಡ್ ಕೊಳ್ಳುವವರಿಗೆ ನನ್ನ ಸಲಹೆ ಇಷ್ಟೇ: ಕಾಲು ದಪ್ಪ ಇರಲಿ, ಮಡಿಕೆ ಕಮ್ಮಿ ಇರಲಿ, ಡಿಕ್ಕಿಯಲ್ಲೊಂದು ಕ್ರೇಟ್ ಇರಲಿ. ಮೂರನೆಯದನ್ನು ಕೊಳ್ಳುವಾಗ ಸ್ಕೋಪಿನ ತೂಕ ವಿಚಾರಿಸಿದೆವು, ನನ್ನ ಎತ್ತರ ವಿಚಾರಿಸಿದೆವು. ನೋಡುವವರು ಯಾರು ಅಂತ ಅಂಗಡಿಯವನೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಕೈ ನಡುಗುತ್ತಿದ್ದದ್ದೇನೋ ಚಿಕ್ಕಮ್ಮನದು. ಆದರೆ ಮೂರು ವಾರ ಮೂರು ಗೂಬೆಯನ್ನು ಒಂದು ಅಂತ ಎಣಿಸಿದ ಕಣ್ಣು ಯಾರದು?